ಕೆಲಸದ ಮಾತು: ಕಂಪನಿ ಬಿಡೋದು ದ್ರೋಹನಾ?

ಈ ಸಲ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಸೇರಿಸಿ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇವೆ. ಕೆಲಸ ಬಿಡ್ಲಾ ಇರ್ಲಾ, ಬಿಟ್ರೆ ಕೈಗೆ ಏನು ಸಿಗುತ್ತೆ, ಮಕ್ಕಳು ಯಾಕೆ ಹಿಂಗೆ ಬಿಡ್ತಾರೆ, ನಮ್ಮ ಹತ್ರ ಹುಡುಗ್ರು ಯಾಕೆ ನಿಲ್ತಿಲ್ಲ. ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನೇ ತಗೊಂಡಿದೀನಿ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿದ್ರಿಂದ ಊರು, ಬಡಾವಣೆ ಮಾತ್ರ ಹಾಕಿದೀನಿ.

ಪ್ರಶ್ನೆ: ಮೇಟಗಳ್ಳಿ ಕಡೆ ಒಂದು ಫ್ಯಾಕ್ಟ್ರೀಲಿ 33 ವರ್ಷ ದುಡಿದು ರಿಟೈರ್ ಆದೋನು ನಾನು. ನನ್ನ ಮಗ ಇಂಜಿನಿಯರಿಂಗ್ ಮುಗಿಸಿ ಐದು ವರ್ಷಕ್ಕೆ ನಾಲ್ಕನೇ ಕಂಪನೀಲಿದಾನೆ, ಈಗ ಇದನ್ನೂ ಬಿಡ್ತೀನಿ ಅಂತಿದಾನೆ. ಕೇಳಿದ್ರೆ "ಕಂಪನಿಗೆ ನಾನೇನು ಬಾಕಿ ಇಟ್ಕೊಂಡಿದೀನಾ ಅಪ್ಪಾಜಿ" ಅಂತಾನೆ. ಅನ್ನ ಕೊಟ್ಟ ಜಾಗ ಅನ್ನೋ ಕೃತಜ್ಞತೆ ಈ ಕಾಲದ ಮಕ್ಕಳಿಗೆ ಯಾಕಿಲ್ಲ ಮೇಡಂ?
(ಕುವೆಂಪುನಗರ, ಮೈಸೂರು)

ಉತ್ತರ: ಸರ್, ನಿಮ್ಮ ಸಂಕಟ ನಂಗೆ ಅರ್ಥ ಆಗುತ್ತೆ, ಆದ್ರೆ ನಿಮ್ಮ ಮಗನ ಪರವಾಗಿ ಸ್ವಲ್ಪ ಮಾತಾಡ್ಲೇಬೇಕು ಅನ್ಸುತ್ತೆ. ನೀವು ಕೆಲಸಕ್ಕೆ ಸೇರಿದ ಕಾಲ ನೆನಪು ಮಾಡ್ಕೊಳ್ಳಿ. ಪ್ರೊಬೇಷನ್ ಮುಗಿದು ಕನ್ಫರ್ಮೇಷನ್ ಲೆಟರ್ ಕೈಗೆ ಬಂತು ಅಂದ್ರೆ ಮನೇಲಿ ಹೆಣ್ಣು ನೋಡೋಕೆ ಶುರು ಮಾಡ್ತಿದ್ರು, ಸೊಸೈಟೀಲಿ ಸಾಲ ಸಿಗ್ತಿತ್ತು, ಕ್ಯಾಂಟೀನಲ್ಲಿ ಊಟ, ಆಯುಧಪೂಜೆ ಹೊತ್ತಿಗೆ ಬೋನಸ್ಸು, ಮೂರ್ನಾಲ್ಕು ವರ್ಷಕ್ಕೊಂದ್ಸಲ ಯೂನಿಯನ್ನು ಮ್ಯಾನೇಜ್ಮೆಂಟು ಕೂತು ವೇತನ ಒಪ್ಪಂದ ಮಾಡೋರು, ಸೈಟು ತಗೊಂಡ್ರೆ ಪಿಎಫ್ ಲೋನು. ನೀವು 33 ವರ್ಷ ಕೊಟ್ರಿ ನಿಜ, ಆದ್ರೆ ಆ ಕಡೆಯಿಂದಾನೂ ಬಂತು. ಅದು ಎರಡೂ ಕಡೆಯವರು ಉಳಿಸ್ಕೊಂಡ ಮಾತು.

ನಾನೂ ಒಂದು ಫ್ಯಾಕ್ಟ್ರಿ ಟೈಮ್ ಆಫೀಸಲ್ಲಿ ಕೂತು ಬಹಳ ವರ್ಷ ಮಸ್ಟರ್, ಅಂದ್ರೆ ಹಾಜರಿ ಪುಸ್ತಕ ನೋಡಿದೋಳು. ಅಲ್ಲಿ ನಾನು ಕಂಡಿದ್ದು ಹೇಳ್ತೀನಿ. ಪರ್ಮನೆಂಟ್ ಒಬ್ರು ರಿಟೈರ್ ಆದ್ರೆ ಆ ಜಾಗಕ್ಕೆ ಇನ್ನೊಬ್ರು ಪರ್ಮನೆಂಟ್ ಬರ್ತಿರ್ಲಿಲ್ಲ, ಕಂಟ್ರಾಕ್ಟರ್ ಲಿಸ್ಟಲ್ಲಿ ಹೆಸರು ಜಾಸ್ತಿ ಆಗ್ತಿತ್ತು, ಆಮೇಲೆ ಟ್ರೈನಿಗಳು ಬಂದ್ರು, ಆಮೇಲೆ ಅಪ್ರೆಂಟಿಸ್‌ಗಳು, ಆಮೇಲೆ ಇಷ್ಟು ತಿಂಗಳಿಗೆ ಮಾತ್ರ ಅಂತ ತಗೊಳ್ಳೋ ಫಿಕ್ಸೆಡ್ ಟರ್ಮ್ ಶುರು ಆಯ್ತು. ಒಂದೇ ಮಷೀನು, ಒಂದೇ ಶಿಫ್ಟು, ಪಕ್ಕಪಕ್ಕದಲ್ಲಿ ನಿಂತ ಇಬ್ಬರ ಸಂಬಳ ಮಾತ್ರ ಒಂದಕ್ಕೆ ಮೂರು ವ್ಯತ್ಯಾಸ. ನಿಮ್ಮಂಥ ಹಿರಿಯರು ಗೇಟಿಂದ ಆಚೆ ಹೋಗ್ತಾ ಹೋಗ್ತಾ ಆ ಹಳೇ ಒಪ್ಪಂದನೂ ಆಚೆ ಹೋಯ್ತು ಸರ್, ಮತ್ತೆ ಒಳಗೆ ಬರ್ಲಿಲ್ಲ. ಯಾದವಗಿರಿಯ ಜಾವಾ ಫ್ಯಾಕ್ಟ್ರಿ 1961ರಿಂದ ಬೈಕು ಮಾಡ್ತಿತ್ತು, ಊರಿಗೇ ಹೆಮ್ಮೆ, 1996ರಲ್ಲಿ ಬಾಗಿಲು ಹಾಕ್ದಾಗ ಅಲ್ಲಿ ಇಡೀ ಆಯಸ್ಸು ಕಳೆದೋರ ಮನೆಗಳಲ್ಲಿ ಏನಾಯ್ತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ನಿಷ್ಠೆ ಕಮ್ಮಿ ಆಗಿ ಮುಚ್ಚಿದ ಫ್ಯಾಕ್ಟ್ರಿ ಅಲ್ಲ ಅದು.

ಈಗ ನಿಮ್ಮ ಮಗನ ಕಣ್ಣಿಂದ ನೋಡಿ. ಅವನು ಓದು ಮುಗಿಸೋ ಹೊತ್ತಿಗೆ ಕೊರೊನಾ. 2021, 22ರಲ್ಲಿ ಐಟಿ ಕಂಪನಿಗಳಿಗೆ ಜನ ಸಾಲದೆ ಹೋಗಿ ಕರೆದು ಕರೆದು ಕೆಲಸ ಕೊಟ್ರು, 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಂಥ ಕಂಪನೀಲೇ ಬಿಟ್ಟು ಹೋಗೋರ ಪ್ರಮಾಣ ವರ್ಷದ ಲೆಕ್ಕಕ್ಕೆ 28.4 ಪರ್ಸೆಂಟ್ ಇತ್ತು. ಒಂದೇ ಕಂಪನೀಲಿ ಇದ್ದೋರಿಗೆ ಇಂಕ್ರಿಮೆಂಟು ಆರೋ ಎಂಟೋ ಪರ್ಸೆಂಟು, ಹೊರಗಿಂದ ಹೊಸದಾಗಿ ಬಂದೋನಿಗೆ ಅದೇ ಕೆಲಸಕ್ಕೆ ಮೂವತ್ತು ನಲವತ್ತು ಪರ್ಸೆಂಟ್ ಜಾಸ್ತಿ. ನಿಂತೋರಿಗೆ ನಷ್ಟ, ಹೋದೋರಿಗೆ ಲಾಭ ಅಂತ ಪಾಠ ಹೇಳ್ಕೊಟ್ಟಿದ್ದು ಕಂಪನಿಗಳೇ ಅಲ್ವಾ. ಆಮೇಲೆ ಗಾಳಿ ತಿರುಗಿತು. ಆಫರ್ ಲೆಟರ್ ಕೊಟ್ಟು ಎರಡು ವರ್ಷ ಕಾಯಿಸಿದ್ರು, 2025ರ ಫೆಬ್ರವರೀಲಿ ನಮ್ಮ ಮೈಸೂರಲ್ಲೇ ಇನ್ಫೋಸಿಸ್‌ನೋರು ಹಂಗೆ ಕಾದು ಕಾದು ಸೇರಿದ ಮಕ್ಕಳೂ ಸೇರಿ ಮುನ್ನೂರಕ್ಕೂ ಹೆಚ್ಚು ಟ್ರೈನಿಗಳನ್ನ ಟೆಸ್ಟ್ ಪಾಸಾಗ್ಲಿಲ್ಲ ಅಂತ ಕ್ಯಾಂಪಸ್ಸಿಂದ ಮನೆಗೆ ಕಳಿಸಿದ್ರು. ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ತನ್ನ ಒಟ್ಟು ಸಿಬ್ಬಂದೀಲಿ ಎರಡು ಪರ್ಸೆಂಟ್, ಅಂದ್ರೆ ಸುಮಾರು 12 ಸಾವಿರ ಜನರನ್ನ ತೆಗೀತೀವಿ ಅಂತು, ಅದರಲ್ಲಿ ಬಹಳ ಜನ ಮಧ್ಯ ವಯಸ್ಸಿನ ಅನುಭವಸ್ಥರು. ಇಷ್ಟೆಲ್ಲ ನೋಡಿದ ಹುಡುಗ "ನಾನೇನು ಬಾಕಿ ಇಟ್ಕೊಂಡಿದೀನಾ" ಅಂದ್ರೆ ಅದು ಅಹಂಕಾರ ಅಂತ ನಂಗನ್ಸಲ್ಲ. ತಿಂಗಳು ಪೂರ್ತಿ ದುಡಿದಮೇಲೆ ಬಂದಿದ್ದು ಸಂಬಳ, ಅದು ಯಾರೂ ಕರುಣೆಯಿಂದ ಬಡಿಸಿದ ಅನ್ನ ಅಲ್ಲ ಸರ್, ನೀವು ತಿಂದಿದ್ದೂ ನಿಮ್ಮ ದುಡಿಮೆದೇ.

ಆದ್ರೆ ಅವನನ್ನ ಒಂದು ಮಾತು ಕೇಳಿ, ಬೈದು ಅಲ್ಲ, ಕೂರಿಸ್ಕೊಂಡು. ಪ್ರತಿ ಸಲ ಬಿಟ್ಟಾಗ ಏನು ಕಲ್ತು ಬಿಟ್ಟೆ ಅಂತ. ಸಂಬಳ ಒಂದೇ ಜಾಸ್ತಿ ಆಗ್ತಾ ಕೈಲಿರೋ ಕಸುಬು ಅಲ್ಲೇ ನಿಂತಿದ್ರೆ ಮೂವತ್ತೈದಕ್ಕೆ ಕಷ್ಟ ಆಗುತ್ತೆ, ಆಗ ದುಬಾರಿ ಜನ ಅಂತ ಮೊದಲು ಪಟ್ಟೀಲಿ ಬರೋದು ಅಂಥೋರೇ. ಇನ್ನೊಂದು, ನಾಲ್ಕು ಕಂಪನಿ ಪಿಎಫ್ಫೂ ಒಂದೇ ಯುಎಎನ್‌ಗೆ (ಕಂಪನಿ ಬದಲಾದ್ರೂ ಬದಲಾಗದ ಪಿಎಫ್ ನಂಬರು) ಟ್ರಾನ್ಸ್‌ಫರ್ ಆಗಿದ್ಯಾ ನೋಡಿ. ಸುಮಾರು ಹುಡುಗ್ರು ಕಂಪನಿ ಬಿಟ್ಟಾಗಲೆಲ್ಲ ಪಿಎಫ್ ತೆಗೆದು ಫೋನು ತಗೋತಾರೆ. ಒಟ್ಟು ಸೇವೆ ಐದು ವರ್ಷ ಆಗೋ ಮುಂಚೆ ತೆಗೆದ್ರೆ ಟ್ಯಾಕ್ಸ್ ಬೀಳುತ್ತೆ, ಹತ್ತು ವರ್ಷ ತುಂಬದಿದ್ರೆ ಪಿಎಫ್ ಪೆನ್ಶನ್ನು ಬರಲ್ಲ, ಟ್ರಾನ್ಸ್‌ಫರ್ ಮಾಡ್ಕೊಂಡ್ರೆ ಮಾತ್ರ ಹಳೇ ವರ್ಷಗಳೂ ಲೆಕ್ಕಕ್ಕೆ ಸೇರುತ್ತೆ. ಇದನ್ನ ಅವನಿಗೆ ನಿಮ್ಮಷ್ಟು ಚೆನ್ನಾಗಿ ಹೇಳೋರು ಇನ್ಯಾರೂ ಇರಲ್ಲ.

ಪ್ರಶ್ನೆ: ಫೈನಾನ್ಸ್ ಕಂಪನೀಲಿ ಕಲೆಕ್ಷನ್ ಕೆಲಸ. ಭಾನುವಾರ ಬೆಳಿಗ್ಗೆ ಏಳಕ್ಕೇ ವಾಟ್ಸಾಪ್ ಗ್ರೂಪಲ್ಲಿ ಟಾರ್ಗೆಟ್ ಕೇಳ್ತಾರೆ, ಬ್ಲೂ ಟಿಕ್ ಬಂದು ರಿಪ್ಲೈ ಮಾಡ್ಲಿಲ್ಲ ಅಂದ್ರೆ ಸೋಮವಾರ ಮೀಟಿಂಗಲ್ಲಿ ಎಲ್ಲರ ಮುಂದೆ ನಿಲ್ಲಿಸ್ತಾರೆ. ಏನ್ ಮಾಡ್ಲಿ?
(ಮಂಡ್ಯ)

ಉತ್ತರ: ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ, ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ಪೂರ್ತಿ ರಜೆ. ವಾರಕ್ಕೆ 70 ಗಂಟೆ ದುಡೀಬೇಕು, 90 ಗಂಟೆ ದುಡೀಬೇಕು ಅಂತ ದೊಡ್ಡೋರು 2023ರಲ್ಲೂ 2025ರಲ್ಲೂ ಹೇಳಿದ್ದೆಲ್ಲ ಅವರವರ ಅಭಿಪ್ರಾಯ, ಕಾನೂನಲ್ಲ. ಒಬ್ರೇ ಹೋಗಿ ಹೇಳಿದ್ರೆ ನಿಮ್ಮನ್ನ ಗುರಿ ಮಾಡ್ತಾರೆ, ಅದಕ್ಕೆ ನಿಮ್ಮ ಬ್ರಾಂಚಿನ ಏಳೆಂಟು ಜನ ಸೇರಿ ಮ್ಯಾನೇಜರ್ ಹತ್ರ ಹೋಗಿ, ಭಾನುವಾರ ಮೆಸೇಜ್ ನೋಡಲ್ಲ, ಸೋಮವಾರ ಒಂಬತ್ತಕ್ಕೆ ಉತ್ತರ ಕೊಡ್ತೀವಿ ಅಂತ ಹೇಳಿ. ಗೌರವವಾಗೇ ಹೇಳಿ. ಎಲ್ಲರೂ ಒಟ್ಟಿಗೆ ಹೇಳಿದಾಗ ಮಾತಿಗೆ ಬೆಲೆ ಬರುತ್ತೆ.

ಪ್ರಶ್ನೆ: ಅಕ್ಕ, ನಾನು ಮದ್ದೂರತ್ರ ಗಾರ್ಮೆಂಟ್ಸ್‌ನಲ್ಲಿ ಟೈಲರು. ನಾಕು ವರ್ಷ ಮೂರು ತಿಂಗ್ಳಾಯ್ತು, ಬೇಸಿಕ್ಕು ಡಿಎ ಸೇರಿ 13 ಸಾವ್ರ ಬತ್ತದೆ. ಗೆಜ್ಜಲಗೆರೆ ಕಡೆ ಇನ್ನೊಂದು ಫ್ಯಾಕ್ಟ್ರೀಲಿ ತಿಂಗ್ಳಿಗೆ 800 ರೂಪಾಯಿ ಜಾಸ್ತಿ ಕೊಡ್ತೀವಿ ಅಂತಾವ್ರೆ, ವ್ಯಾನು ಊರ್ ಬಾಗ್ಲಿಗೇ ಬತ್ತದಂತೆ. ಇಲ್ಲಿ ಸೂಪರ್‌ವೈಜರ್ ಬಾಯಿಗೆ ಬಂದಂಗೆ ಬಯ್ತಾನೆ. ಹೋಗ್ಬುಡ್ಲಾ?
(ಮದ್ದೂರು ತಾಲ್ಲೂಕು)

ಉತ್ತರ: ತಂಗಿ, ಮೊದಲು ದುಡ್ಡಿನ ಲೆಕ್ಕ ಹಾಕೋಣ. ಐದು ವರ್ಷ ತುಂಬಿದ್ರೆ ಬಿಡುವಾಗ ಕಂಪನಿ ಕೊಡೋ ಇಡಿಗಂಟು, ಗ್ರಾಚ್ಯುಟಿ ಅಂತ ಬರುತ್ತೆ. ಕೊನೇ ತಿಂಗಳ ಬೇಸಿಕ್ಕು ಡಿಎ ಸೇರಿದ್ದನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದಿಂದ ಗುಣಿಸಬೇಕು. ನಿಮ್ಮದು 13 ಸಾವಿರ, ಒಂದು ದಿನಕ್ಕೆ 500, ಹದಿನೈದು ದಿನಕ್ಕೆ 7,500, ಐದು ವರ್ಷಕ್ಕೆ 37,500 ರೂಪಾಯಿ. ಇನ್ನು ಒಂಬತ್ತು ತಿಂಗಳು ಬಾಕಿ ಇದೆ. ಆ ಒಂಬತ್ತು ತಿಂಗಳಲ್ಲಿ ಹೊಸ ಫ್ಯಾಕ್ಟ್ರೀಲಿ ಜಾಸ್ತಿ ಸಿಗೋದು 7,200. ಈಗ ಹೋದ್ರೆ 7,200ಕ್ಕೆ 37,500 ಬಿಟ್ಟು ಹೋದಂಗೆ. ಕೆಲವು ಕಡೆ ಕೋರ್ಟುಗಳು ನಾಲ್ಕು ವರ್ಷದ ಮೇಲೆ 240 ದಿನ ಆಗಿದ್ರೂ ಸಾಕು ಅಂದಿವೆ, ಆದ್ರೆ ಅದನ್ನ ನಂಬ್ಕೊಂಡು ಕೆಲಸ ಬಿಟ್ಟು ಆಮೇಲೆ ಕೋರ್ಟಿಗೆ ಅಲೆಯೋದು ನಿಮ್ಮಿಂದ ಆಗೋ ಕೆಲಸ ಅಲ್ಲ, ಐದು ತುಂಬಿಸ್ಕೊಳ್ಳಿ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅದರಲ್ಲಿ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಅಂತ ನಿಮ್ಮ ಲೈನಲ್ಲಿ ಯಾರಾದ್ರೂ ಹೇಳಿರ್ಬೋದು. ಅದು ಫಿಕ್ಸೆಡ್ ಟರ್ಮ್ ಅಂತ ಇಷ್ಟು ತಿಂಗಳಿಗೆ ಅಂತ ಬರೆದು ತಗೊಂಡೋರಿಗೆ, ನಿಮ್ಮಂಥ ಪರ್ಮನೆಂಟ್ ಕೆಲಸದೋರಿಗೆ ಐದೇ ವರ್ಷ.

ಈಗ ಸೂಪರ್‌ವೈಜರ್ ವಿಷಯ. ಇದು 800 ರೂಪಾಯಿಗಿಂತ ದೊಡ್ಡದು ಅಂತ ನಂಗೊತ್ತು. ಗಾರ್ಮೆಂಟ್ಸ್ ಹೆಣ್ಮಕ್ಕಳು ಕೆಲಸ ಬಿಡೋಕೆ ಸಂಬಳಕ್ಕಿಂತ ಬೈಗುಳ, ಬಾತ್‌ರೂಮಿಗೆ ಬಿಡದೆ ಇರೋದು, ಮಗುಗೆ ಜ್ವರ ಅಂದ್ರೂ ರಜೆ ಕೊಡದೆ ಇರೋದು, ಇವೇ ಕಾರಣ ಅಂತ ಎಷ್ಟೋ ಜನ ನನಗೆ ಬರೀತಾರೆ. ಒಬ್ರು ಬಿಟ್ಟು ಹೋದ್ರೆ ಅದೇ ಮಷೀನಿಗೆ ಇನ್ನೊಬ್ಬ ಹೆಣ್ಮಗಳು ಬರ್ತಾಳೆ, ಅವನು ಅವಳನ್ನೂ ಬಯ್ತಾನೆ. ಬಿಡೋದ್ರಿಂದ ನೀವು ಪಾರಾಗ್ಬೋದು, ಲೈನು ಬದಲಾಗಲ್ಲ, ಮತ್ತೆ ಗೆಜ್ಜಲಗೆರೇಲೂ ಅಂಥೋನೇ ಇರಲ್ಲ ಅಂತ ಏನು ಗ್ಯಾರಂಟಿ? 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು 58 ವರ್ಷದ ತನಕ ಪೂರ್ತಿ ತೆಗೆಯೋಕೆ ಬಿಡಲ್ಲ ಅಂತ ಕೇಂದ್ರ ಸರ್ಕಾರ ತಂದಿದ್ದ ನಿಯಮದ ವಿರುದ್ಧ ಬೆಂಗಳೂರಲ್ಲಿ ಗಾರ್ಮೆಂಟ್ಸ್ ಹೆಣ್ಮಕ್ಕಳು ಸಾವಿರ ಸಾವಿರ ಲೆಕ್ಕದಲ್ಲಿ ಹೊಸೂರು ರೋಡಿಗೆ ಬಂದು ಕೂತ್ರು, ಯಾವ ದೊಡ್ಡ ಲೀಡರೂ ಕರೆದಿರ್ಲಿಲ್ಲ, ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ತಗೊಳ್ತು. ಅಷ್ಟೊಂದು ಜನ ಈ ಕೆಲಸಕ್ಕೆ ಬೇಕಾಗಿಲ್ಲ. ನಿಮ್ಮ ಲೈನಿನ ಹತ್ತು ಜನ ಬರವಣಿಗೇಲಿ ಕೊಡಿ, ಫ್ಯಾಕ್ಟ್ರೀಲಿ ಕಾರ್ಮಿಕರ ಸಮಿತಿ, ದೂರು ಸಮಿತಿ ಇರ್ಲೇಬೇಕು, ಕೊಟ್ಟಿದ್ದಕ್ಕೆ ಸೀಲು ಹಾಕಿಸ್ಕೊಂಡು ಒಂದು ಕಾಪಿ ಇಟ್ಕೊಳ್ಳಿ. ಬೈಗುಳದಲ್ಲಿ ಕೆಟ್ಟ ಮಾತು, ಮೈ ಮುಟ್ಟೋದು ಇದ್ರೆ ಅದಕ್ಕೆ ಬೇರೇನೇ ಸಮಿತಿ ಇದೆ, 2013ರ ಕಾನೂನು, ಅಲ್ಲಿಗೆ ಕೊಡಿ, ಅಂಥದ್ದಕ್ಕೆ ಒಂಬತ್ತು ತಿಂಗಳು ಕಾಯೋ ಮಾತೇ ಬೇಡ.

ಪ್ರಶ್ನೆ: ಐಟಿಐ ಫಿಟ್ಟರ್. ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದೇ ಕಂಪನಿ, ಒಂದೇ ಮಷೀನು, ಆರು ವರ್ಷ. ಆದ್ರೆ ಕಂಟ್ರಾಕ್ಟರ್ ಮೂರು ಸಲ ಬದಲಾದ್ರು. ಪ್ರತಿ ಸಲ ಹೊಸ ಐಡಿ ಕಾರ್ಡು, ಹೊಸ ಪಿಎಫ್ ನಂಬರು. ಕಂಪನಿ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ ಮೇಡಂ, ಆ ಮಷೀನು ಯಾವ ಶಬ್ದ ಮಾಡಿದ್ರೆ ಏನು ತೊಂದ್ರೆ ಅಂತ ನನಗೇ ಗೊತ್ತಿರೋದು. ಆದ್ರೆ ಕಂಪನಿ ಡೇಗೆ ನಮ್ಮನ್ನ ಕರೆಯಲ್ಲ, ಪರ್ಮನೆಂಟ್‌ನವ್ರಿಗೆ ಮಾತ್ರ ಸ್ವೀಟ್ ಬಾಕ್ಸು. ನಾನು ಯಾರಿಗೆ ಕೆಲಸ ಮಾಡ್ತಿದೀನಿ?
(ನಂಜನಗೂಡು)

ಉತ್ತರ: ನಿಮ್ಮ ಪತ್ರ ಓದಿ ಬಹಳ ಬೇಜಾರಾಯ್ತು ತಮ್ಮ. ಕೆಲಸ ಗೊತ್ತಿರೋ, ಮಷೀನಿನ ಮೇಲೆ ಅಕ್ಕರೆ ಇರೋ ಹುಡುಗನನ್ನ ಸ್ವೀಟ್ ಬಾಕ್ಸಿಂದ ಹೊರಗಿಡೋ ಕಂಪನಿ ಆಮೇಲೆ ಈಗಿನ ಹುಡುಗ್ರಿಗೆ ಕಂಪನಿ ಅಂದ್ರೆ ನಮ್ಮದು ಅನ್ನೋ ಭಾವನೆ ಇಲ್ಲ ಅಂತ ಸೆಮಿನಾರಲ್ಲಿ ಮಾತಾಡೋದು ಅನ್ಯಾಯ. ನಮ್ಮದು ಅನ್ಸೋಕೆ ಬಿಟ್ರೆ ತಾನೇ ಅನ್ಸೋದು.

ಕಾನೂನು ಎಲ್ಲಿ ನಿಮ್ಮ ಕಡೆ ಇದೆ, ಎಲ್ಲಿ ಇಲ್ಲ ಅಂತ ಹೇಳ್ತೀನಿ. ಕಂಟ್ರಾಕ್ಟರ್ ಸಂಬಳ ಕೊಡದೆ ಓಡಿಹೋದ್ರೆ ಕೊಡೋ ಜವಾಬ್ದಾರಿ ಕಂಪನೀದು, ಇದು 1970ರ ಕಂಟ್ರಾಕ್ಟ್ ಲೇಬರ್ ಕಾಯ್ದೇಲೂ ಇತ್ತು, ಹೊಸ ಸಂಹಿತೇಲೂ ಇದೆ. ಪಿಎಫ್ ಕಟ್ಟದೆ ಹೋದ್ರೂ ಅಷ್ಟೇ. ಆದ್ರೆ ಆರು ವರ್ಷ ಆಯ್ತು ಅನ್ನೋ ಒಂದೇ ಕಾರಣಕ್ಕೆ ತಾನಾಗೇ ಪರ್ಮನೆಂಟ್ ಆಗಲ್ಲ. 2001ರಲ್ಲಿ ಸ್ಟೀಲ್ ಅಥಾರಿಟಿ ಕೇಸಲ್ಲಿ ಸುಪ್ರೀಂ ಕೋರ್ಟು ಕಂಟ್ರಾಕ್ಟ್ ಪದ್ಧತಿ ನಿಷೇಧ ಆದ್ರೂ ಕೆಲಸಗಾರರು ತಾನಾಗೇ ಕಂಪನಿ ನೌಕರರು ಆಗಲ್ಲ ಅಂತ ಹೇಳ್ತು. ಆದ್ರೆ ಅದೇ ತೀರ್ಪಲ್ಲಿ, ಕಂಟ್ರಾಕ್ಟರ್ ಅನ್ನೋದು ಬರೀ ನೆಪ, ನಿಜವಾಗ್ಲೂ ರಜೆ ಕೊಡೋದು, ಕೆಲಸ ಹೇಳೋದು, ತೆಗೆಯೋದು ಎಲ್ಲ ಕಂಪನೀನೇ ಅಂತ ತೋರಿಸಿದ್ರೆ ಮಾತು ಬೇರೆ, ಅದನ್ನ ಕಾರ್ಮಿಕ ನ್ಯಾಯಾಲಯದಲ್ಲಿ ವಿವಾದ ಅಂತ ಎತ್ತಬಹುದು ಅಂತನೂ ಇದೆ. ಅದಕ್ಕೆ ಬರವಣಿಗೆ ಬೇಕು. ನಿಮಗೆ ಶಿಫ್ಟ್ ಹಾಕೋ ಚೀಟಿ, ಕಂಪನಿ ಇಂಜಿನಿಯರ್ ವಾಟ್ಸಾಪಲ್ಲಿ ಹೇಳಿದ ಕೆಲಸ, ಟ್ರೈನಿಂಗ್ ಸರ್ಟಿಫಿಕೇಟು, ಹಳೇ ಐಡಿ ಕಾರ್ಡು, ಒಂದನ್ನೂ ಬಿಸಾಡಬೇಡಿ. ಒಬ್ರೇ ಮಾಡೋ ಕೆಲಸ ಅಲ್ಲ ಇದು, ಯೂನಿಯನ್ ಜೊತೆ ಮಾತಾಡಿ, ಪರ್ಮನೆಂಟ್‌ನವರ ಯೂನಿಯನ್ನು ಕಂಟ್ರಾಕ್ಟ್ ಹುಡುಗ್ರ ಕಷ್ಟಕ್ಕೆ ಬಾಯಿ ಬಿಡದೆ ಇದ್ದಿದ್ದಕ್ಕೇ ಇವತ್ತು ಆ ಯೂನಿಯನ್ನುಗಳ ಬಲ ಕುಗ್ಗಿರೋದು ಅನ್ನೋದು ನನ್ನ ಅಭಿಪ್ರಾಯ, ಅದನ್ನ ಅವರಿಗೂ ಹೇಳಿ.

ಪಿಎಫ್ ನಂಬರು ಎಷ್ಟೇ ಇದ್ರೂ ಯುಎಎನ್ ಒಂದೇ ಇರ್ಬೇಕು. ಉಮಂಗ್ ಆ್ಯಪಲ್ಲಿ ಪಾಸ್‌ಬುಕ್ ತೆಗೆದು ತಿಂಗಳು ತಿಂಗಳು ಬಿದ್ದಿದ್ಯಾ ನೋಡಿ. ಹಳೇ ಕಂಟ್ರಾಕ್ಟರ್ ಬಿಟ್ಟ ದಿನಾಂಕ ಹಾಕದೆ ಹೋಗಿದ್ರೆ ಟ್ರಾನ್ಸ್‌ಫರ್ ನಿಂತುಬಿಡುತ್ತೆ, ಕೊನೇ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಅದನ್ನ ನೀವೇ ಪೋರ್ಟಲಲ್ಲಿ ಹಾಕ್ಕೋಬಹುದು. ಮಧ್ಯೆ ತಿಂಗಳುಗಳು ಖಾಲಿ ಇದ್ರೆ ಸಂಬಳದ ಚೀಟಿ ಸಮೇತ ಮೈಸೂರಿನ ಪಿಎಫ್ ಆಫೀಸಿಗೆ ದೂರು ಕೊಡಿ.

ಇಷ್ಟಾದ ಮೇಲೂ ನಿಮ್ಮ ಕೆಲಸಕ್ಕೆ ಬೆಲೆ ಕೊಡೋ ಬೇರೆ ಜಾಗ ಸಿಕ್ರೆ ಹೋಗಿ. ಆ ಮಷೀನ್ ಬಿಟ್ಟು ಹೋಗೋದಕ್ಕೆ ಮನಸ್ಸಿಗೆ ನೋವಾಗುತ್ತೆ, ಆಗ್ಲಿ, ತಪ್ಪಿತಸ್ಥ ಭಾವನೆ ಮಾತ್ರ ಬೇಡ.

ಪ್ರಶ್ನೆ: ಹೆಬ್ಬಾಳದ ಒಂದು ಸಾಫ್ಟ್‌ವೇರ್ ಕಂಪನೀಲಿ ಒಂದು ವರ್ಷ ಆಯ್ತು. ಎರಡು ವರ್ಷದ ಬಾಂಡು, ಬಿಟ್ರೆ ಒಂದೂವರೆ ಲಕ್ಷ ಕಟ್ಟಬೇಕು, 90 ದಿನ ನೋಟಿಸು. ಡಿಗ್ರಿ ಮಾರ್ಕ್ಸ್‌ಕಾರ್ಡ್ ಒರಿಜಿನಲ್ಲೂ ಅವರತ್ರನೇ ಇದೆ. ಟ್ರೈನಿಂಗ್ ಅಂತ ಕೊಟ್ಟಿದ್ದು ಮೂರು ವಾರ ಯೂಟ್ಯೂಬ್ ವೀಡಿಯೋ. ಬೆಂಗಳೂರಲ್ಲಿ ಒಳ್ಳೇ ಆಫರ್ ಇದೆ.
(ವಿಜಯನಗರ, ಮೈಸೂರು)

ಉತ್ತರ: ಮಾರ್ಕ್ಸ್‌ಕಾರ್ಡ್ ನಿಮ್ಮ ಆಸ್ತಿ ಅಮ್ಮ, ಅದನ್ನ ಅಡ ಇಟ್ಕೊಳ್ಳೋ ಹಕ್ಕು ಕಂಪನಿಗಿಲ್ಲ. ಮೊದಲು ಇಮೇಲಲ್ಲಿ ವಾಪಸ್ ಕೇಳಿ, ಬೇರೆ ಏನೂ ಹೇಳಬೇಡಿ, ಒರಿಜಿನಲ್ ಬೇಕಾಗಿದೆ ಅಂತಷ್ಟೇ. ಕೊಡದಿದ್ರೆ ಲಾಯರ್ ನೋಟಿಸು, ಸಾಮಾನ್ಯವಾಗಿ ಅಷ್ಟಕ್ಕೇ ಬರುತ್ತೆ. ಇದನ್ನ ಓದ್ತಿರೋ ಫೈನಲ್ ಇಯರ್ ಮಕ್ಕಳಿಗೂ ಹೇಳ್ತೀನಿ, ಯಾವ ಕಂಪನಿಗೂ ಒರಿಜಿನಲ್ ಕೈಗೆ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ತಗೊಳ್ಳಿ.

ಬಾಂಡ್ ವಿಷಯದಲ್ಲಿ "ಬಾಂಡೆಲ್ಲ ನಡೆಯಲ್ಲ ಬಿಡು" ಅಂತ ಫ್ರೆಂಡ್ಸ್ ಹೇಳ್ತಾರೆ, ಅದು ಪೂರ್ತಿ ನಿಜ ಅಲ್ಲ. 2025ರ ಮೇನಲ್ಲಿ ಸುಪ್ರೀಂ ಕೋರ್ಟು ವಿಜಯ ಬ್ಯಾಂಕ್ ಕೇಸಲ್ಲಿ ಮೂರು ವರ್ಷಕ್ಕೆ ಮುಂಚೆ ಬಿಟ್ರೆ 2 ಲಕ್ಷ ಕಟ್ಟಬೇಕು ಅನ್ನೋ ಬಾಂಡನ್ನ ಎತ್ತಿ ಹಿಡೀತು. ಆದ್ರೆ ಅಲ್ಲಿ ಕೋರ್ಟು ನೋಡಿದ್ದು ಅದು ಸಾರ್ವಜನಿಕ ಬ್ಯಾಂಕು, ಒಬ್ಬ ಅಧಿಕಾರಿ ಬಿಟ್ರೆ ಮತ್ತೆ ದೇಶಾದ್ಯಂತ ಜಾಹೀರಾತು ಕೊಟ್ಟು ಪರೀಕ್ಷೆ ಮಾಡಿ ತಗೋಬೇಕು, ಅದಕ್ಕೆ ಖರ್ಚಿದೆ ಅಂತ. ನಿಮ್ಮ ಕಂಪನಿ ಮೂರು ವಾರ ವೀಡಿಯೋ ತೋರಿಸಿ ಒಂದೂವರೆ ಲಕ್ಷ ನಷ್ಟ ಅಂತ ತೋರಿಸೋದು ಕಷ್ಟ, ಕರಾರು ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಬಾಂಡಲ್ಲಿ ಎಷ್ಟೇ ಬರೆದಿದ್ರೂ ನ್ಯಾಯವಾದ ಪರಿಹಾರಕ್ಕಿಂತ ಜಾಸ್ತಿ ಸಿಗಲ್ಲ. ಅದಕ್ಕೆ ಹೆದರಿ ಕೂರಬೇಡಿ, ಹಾಗಂತ ಹೇಳದೆ ಕೇಳದೆ ನಾಪತ್ತೆನೂ ಆಗಬೇಡಿ. ರಾಜೀನಾಮೆ ಇಮೇಲ್ ಹಾಕಿ, ನೋಟಿಸ್ ಅವಧಿ ಕಮ್ಮಿ ಮಾಡೋಕೆ ಕೇಳಿ, ಬಾಕಿ ದಿನಕ್ಕೆ ಸಂಬಳ ಹಿಡ್ಕೊಳ್ಳಿ ಅನ್ನಿ. ರಿಲೀವಿಂಗ್ ಲೆಟರ್ ಇಲ್ಲದೆ ಹೋದ್ರೆ ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಸಿಕ್ಕಾಕೊಳ್ಳೋದು ನೀವೇ.

ಪ್ರಶ್ನೆ: ಹೂಟಗಳ್ಳೀಲಿ ಸಿಎನ್‌ಸಿ ವರ್ಕ್‌ಶಾಪ್ ಇಟ್ಟಿದೀನಿ, 18 ಜನ ಇದಾರೆ. ಹುಡುಗ್ರನ್ನ ತಗೊಂಡು ಆರು ತಿಂಗಳು ಕೆಲಸ ಕಲಿಸ್ತೀನಿ, ಸಂಬಳ ಬಿದ್ದ ಮಾರನೇ ದಿನ ಫೋನ್ ಸ್ವಿಚ್ ಆಫ್. ಐನೂರು ರೂಪಾಯಿ ಜಾಸ್ತಿಗೆ ಪಕ್ಕದ ಶೆಡ್ಡಿಗೆ ಹೋಗಿರ್ತಾರೆ. ಕೆಲಸಗಾರರ ಬಗ್ಗೆ ಮಾತ್ರ ಬರೀತೀರಿ, ನಮ್ಮ ಕಷ್ಟ ಯಾರು ಬರೀಬೇಕು?
(ಹೂಟಗಳ್ಳಿ, ಮೈಸೂರು)

ಉತ್ತರ: ನೀವು ಬರೆದಿದ್ದು ಒಳ್ಳೇದಾಯ್ತು ಯಜಮಾನ್ರೆ. ಹೇಳದೆ ಹೋಗೋದು ತಪ್ಪು. ಹುಡುಗ್ರು ಇದನ್ನ ಓದ್ತಿದಾರೆ ಅಂದ್ಕೊಂಡು ನೇರವಾಗೇ ಹೇಳ್ತೀನಿ: ಟೂಲ್ ಹಿಡಿಯೋದು ಕಲಿಸಿದ ಮನುಷ್ಯನಿಗೆ ಒಂದು ಮಾತು ಹೇಳಿ, ಒಂದಿಷ್ಟು ದಿನ ಟೈಮ್ ಕೊಟ್ಟು, ಕೈಲಿದ್ದ ಕೆಲಸ ಮುಗಿಸಿ ಹೋಗಬೇಕು. ದೊಡ್ಡ ಕಂಪನಿಗೂ ಹದಿನೆಂಟು ಜನರ ಶೆಡ್ಡಿಗೂ ವ್ಯತ್ಯಾಸ ಇದೆ, ಅಲ್ಲಿ ಒಬ್ಬ ಹೋದ್ರೆ ಯಾರಿಗೂ ಗೊತ್ತಾಗಲ್ಲ, ಇಲ್ಲಿ ಒಂದು ಮಷೀನೇ ನಿಂತುಹೋಗುತ್ತೆ, ಜಾಬು ತಡ ಆಗುತ್ತೆ, ಉಳಿದೋರ ಮೇಲೆ ಓಟಿ ಬೀಳುತ್ತೆ.

ಆದ್ರೆ ಅವರು ಯಾಕೆ ಹೇಳದೆ ಹೋಗ್ತಾರೆ ಅನ್ನೋದನ್ನೂ ಯೋಚನೆ ಮಾಡಿ. ಮುಂಚೆ ಹೇಳಿದ್ರೆ ಆ ತಿಂಗಳ ಸಂಬಳ ಹಿಡ್ಕೋತಾರೆ ಅನ್ನೋ ಭಯ ಬಹಳ ಹುಡುಗ್ರಿಗಿದೆ, ನಿಮ್ಮಲ್ಲಿ ಅಲ್ಲದಿದ್ರೂ ಇನ್ನೆಲ್ಲೋ ಅವರಿಗೆ ಹಂಗಾಗಿರುತ್ತೆ. ಹೇಳಿ ಹೋದೋರಿಗೆ ಪೂರ್ತಿ ಸೆಟ್ಲ್‌ಮೆಂಟು, ಎಕ್ಸ್‌ಪೀರಿಯೆನ್ಸ್ ಲೆಟರ್ರು ಎರಡೂ ಅದೇ ವಾರ ಕೊಡ್ತೀನಿ ಅಂತ ಗೋಡೆ ಮೇಲೆ ಬರೆದು ಹಾಕಿ, ಒಬ್ಬನಿಗೆ ಹಂಗೆ ಕೊಟ್ಟು ನೋಡಿ, ಆ ಸುದ್ದಿ ಹೂಟಗಳ್ಳಿ ಇಡೀ ಹರಡುತ್ತೆ. ಇನ್ನು ಐನೂರು ರೂಪಾಯಿ. ಹುಡುಗ ಐನೂರಕ್ಕೆ ಹೋದ ಅಂದ್ರೆ ನಿಮ್ಮಲ್ಲಿ ಉಳಿಯೋಕೆ ಬೇರೆ ಕಾರಣ ಇರ್ಲಿಲ್ಲ ಅಂತ. ನಿಮ್ಮಲ್ಲಿ 18 ಜನ, 20 ಆದ್ರೆ ಮಾತ್ರ ಪಿಎಫ್ ಕಡ್ಡಾಯ, ಅದಕ್ಕೆ ಎಷ್ಟೋ ಶೆಡ್ಡುಗಳು ಹತ್ತೊಂಬತ್ತಕ್ಕೇ ನಿಲ್ಲಿಸ್ತವೆ. ನೀವು ಸ್ವಇಚ್ಛೆಯಿಂದ ಪಿಎಫ್‌ಗೆ ಸೇರಬಹುದು, ಕಾನೂನಲ್ಲಿ ಅವಕಾಶ ಇದೆ. ಕಾರ್ಮಿಕರ ಆರೋಗ್ಯ ವಿಮೆ ಇಎಸ್ಐ ಅಂತೂ ಹತ್ತು ಜನಕ್ಕೇ ಕಡ್ಡಾಯ, 21 ಸಾವಿರದೊಳಗಿನ ಸಂಬಳಕ್ಕೆ ಹುಡುಗನದು 0.75 ಪರ್ಸೆಂಟ್, ನಿಮ್ಮದು 3.25, ಅವನ ತಾಯಿಗೆ ಆಪರೇಷನ್ ಆದಾಗ ಆ ಕಾರ್ಡು ಎಷ್ಟು ದೊಡ್ಡದು ಅಂತ ಅವನಿಗೆ ಗೊತ್ತಾಗುತ್ತೆ. ಅಪಾಯಿಂಟ್‌ಮೆಂಟ್ ಲೆಟರ್ ಕೊಡಿ, ಓಟಿಗೆ ಡಬಲ್ ಕೊಡಿ, ಸಂಬಳ ಒಂದೇ ತಾರೀಕಿಗೆ ಹಾಕಿ. ಆರು ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು, ಸೆಟ್ಟಿಂಗ್ ಕಲಿತ್ರೆ ಇಷ್ಟು ಅಂತ ಮೊದಲ ದಿನವೇ ಬರೆದು ಕೊಡಿ.

ಇದಕ್ಕೆಲ್ಲ ದುಡ್ಡೆಲ್ಲಿಂದ ತರ್ಲಿ, ನನಗೇ ದೊಡ್ಡ ಕಂಪನಿಯೋರು ಮೂರು ನಾಲ್ಕು ತಿಂಗಳು ಬಿಲ್ ಪಾಸ್ ಮಾಡಲ್ಲ ಅಂತೀರಿ, ಅದು ನಿಜವಾದ ಕಷ್ಟ, ನಿಮ್ಮ ಹುಡುಗ್ರ ಐನೂರು ರೂಪಾಯಿ ಸಿಕ್ಕಾಕೊಂಡಿರೋದೂ ಅಲ್ಲೇ. 2006ರ ಎಂಎಸ್ಎಂಇ ಕಾಯ್ದೆ, ಅಂದ್ರೆ ಸಣ್ಣ ಉದ್ಯಮಗಳ ಕಾಯ್ದೆ ಪ್ರಕಾರ, ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿದ್ರೂ 45 ದಿನದೊಳಗೆ ನಿಮಗೆ ದುಡ್ಡು ಕೊಡ್ಲೇಬೇಕು, ತಡ ಆದ್ರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸೋ ಉದ್ಯಮ್ ನೋಂದಣಿ ಇದ್ರೆ ಸರ್ಕಾರದ ಪೋರ್ಟಲಲ್ಲಿ ದೂರು ಹಾಕಬಹುದು. ಒಬ್ರೇ ಹಾಕಿದ್ರೆ ಆರ್ಡರ್ ನಿಲ್ಲಿಸ್ತಾರೆ ಅನ್ನೋ ಭಯ ನಿಮಗೂ ಇದೆ, ನಿಮ್ಮ ಹುಡುಗ್ರಿಗೆ ನಿಮ್ಮ ಹತ್ರ ಇರೋ ಭಯನೂ ಅದೇ ಜಾತೀದು. ನಿಮ್ಮ ಕೈಗಾರಿಕಾ ಸಂಘದ ಮೂಲಕ ಹತ್ತು ಶೆಡ್ಡಿನೋರು ಒಟ್ಟಿಗೆ ಹೋಗಿ.

ಪ್ರಶ್ನೆ: ಮಗನಿಗೆ 27. ಸರಸ್ವತಿಪುರಂನಲ್ಲಿ ರೂಮ್ ಮಾಡ್ಕೊಂಡು ನಾಲ್ಕು ವರ್ಷದಿಂದ ಕೆಪಿಎಸ್‌ಸಿ ಓದ್ತಾನೆ. ಪ್ರೈವೇಟ್ ಕೆಲಸ ಬೇಡ, ಅಲ್ಲಿ ಭದ್ರತೆ ಇಲ್ಲ, ಪೆನ್ಶನ್ ಇಲ್ಲ ಅಂತಾನೆ.
(ಶ್ರೀರಂಗಪಟ್ಟಣ)

ಉತ್ತರ: ಪ್ರೈವೇಟಲ್ಲಿ ಭದ್ರತೆ ಇಲ್ಲ ಅನ್ನೋದರಲ್ಲಿ ಅವನದು ತಪ್ಪಿಲ್ಲ ಅಮ್ಮ. ಆದ್ರೆ 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ಸರ್ಕಾರಿ ನೌಕರರು ಎನ್‌ಪಿಎಸ್‌ನಲ್ಲಿ, ಅಂದ್ರೆ ಇಷ್ಟೇ ಪೆನ್ಶನ್ ಅಂತ ಗ್ಯಾರಂಟಿ ಇಲ್ಲದ ಹೊಸ ಪದ್ಧತೀಲಿ ಬರ್ತಾರೆ, ಹಳೇ ಪೆನ್ಶನ್ ವಾಪಸ್ ಕೊಡಿ ಅಂತ ಅವರೇ ಹೋರಾಟ ಮಾಡ್ತಿದಾರೆ. ಓದು ಬಿಡು ಅನ್ನಬೇಡಿ. ಮುಂದಿನ ಒಂದು ಪರೀಕ್ಷೆ ತನಕ ಅಂತ ಗಡಿ ಹಾಕಿ, ಅಲ್ಲಿತನಕ ಬೆಳಗ್ಗೆ ಅರ್ಧ ದಿನದ್ದಾದ್ರೂ ಒಂದು ಕೆಲಸ ಮಾಡ್ಲಿ.

ಪ್ರಶ್ನೆ: ಮೇಡಂ ನಾನು ಮಂಡ್ಯದೋನು, ಮೈಸೂರಲ್ಲಿ ಶೋರೂಂ ಕೆಲ್ಸ ಬುಟ್ಟು ಫುಡ್ ಡೆಲಿವರಿ ಮಾಡ್ತಾ ಇವ್ನಿ. ಬಾಸ್ ಇಲ್ಲ, ಯಾವಾಗ ಬೇಕೋ ಆಗ ಲಾಗಿನ್ನು. ತಿಂಗ್ಳಿಗೆ ಶೋರೂಂಗಿಂತ ಜಾಸ್ತಿನೇ ಬತ್ತದೆ. ಅಪ್ಪ ಮಾತ್ರ ಅದೊಂದ್ ಕೆಲ್ಸನಾ, ಹೆಣ್ಣು ಯಾರ್ ಕೊಡ್ತಾರೆ ಅಂತ ದಿನಾ ಗಲಾಟೆ.
(ಗೋಕುಲಂ, ಮೈಸೂರು)

ಉತ್ತರ: ದುಡಿದು ತಿನ್ನೋ ಯಾವ ಕೆಲಸವೂ ಕಮ್ಮಿ ಅಲ್ಲ, ಅದನ್ನ ನಿಮ್ಮಪ್ಪನಿಗೆ ಹೇಳಿ. ಆದ್ರೆ ಬಾಸ್ ಇಲ್ಲ ಅನ್ನೋ ಮಾತಿಗೆ ನಾನು ಒಪ್ಪಲ್ಲ. ರೇಟಿಂಗ್ ಕೊಡೋರು, ಇನ್ಸೆಂಟಿವ್ ಸ್ಲಾಬು ರಾತ್ರೋರಾತ್ರಿ ಬದಲಾಯಿಸೋರು, ಐಡಿ ಬ್ಲಾಕ್ ಮಾಡೋರು ಇದಾರಲ್ಲ, ಮುಖ ಕಾಣಲ್ಲ ಅಷ್ಟೇ. ಶೋರೂಂ ಓನರ್ ಬೈದ್ರೆ ಎದುರಿಗೆ ನಿಂತು ಕೇಳಬಹುದಿತ್ತು. ಮತ್ತೆ ಜಾಸ್ತಿ ಬರುತ್ತೆ ಅನ್ನೋದ್ರಲ್ಲಿ ಪೆಟ್ರೋಲು, ಗಾಡಿ ಸವೆತ, ಸರ್ವೀಸು, ಇನ್ಶೂರೆನ್ಸು ಕಳೀರಿ, ಶೋರೂಮಲ್ಲಿ ಪಿಎಫ್ ಇದ್ದಿದ್ರೆ ಓನರ್ ಹಾಕ್ತಿದ್ದ 12 ಪರ್ಸೆಂಟನ್ನೂ ಕಳೀರಿ, ಆಮೇಲೆ ಎಷ್ಟು ಉಳಿಯುತ್ತೆ ನೋಡಿ.

ನೀತಿ ಆಯೋಗ 2022ರಲ್ಲಿ ಕೊಟ್ಟ ವರದಿ ಪ್ರಕಾರ 2020-21ರಲ್ಲಿ ದೇಶದಲ್ಲಿ ನಿಮ್ಮಂಥ ಗಿಗ್ ಕೆಲಸಗಾರರು (ಖಾಯಂ ನೌಕರಿ ಇಲ್ಲದೆ ಬಿಡಿ ಬಿಡಿಯಾಗಿ ಕೆಲಸ ಮಾಡೋರು) 77 ಲಕ್ಷ, 2029-30ಕ್ಕೆ 2.35 ಕೋಟಿ ಆಗ್ತಾರೆ ಅಂತ ಅಂದಾಜು. ಇಷ್ಟು ಜನಕ್ಕೆ ಕಾನೂನೇ ಇರ್ಲಿಲ್ಲ. ರಾಜಸ್ಥಾನ 2023ರಲ್ಲಿ ಮೊದಲು ಮಾಡ್ತು, ನಮ್ಮ ಕರ್ನಾಟಕ 2025ರಲ್ಲಿ ಮಾಡಿದೆ. ಕಂಪನಿಗಳು ನಿಮಗೆ ಕೊಡೋ ಪ್ರತಿ ಪಾವತಿ ಮೇಲೆ 1ರಿಂದ 5 ಪರ್ಸೆಂಟ್ ತನಕ ಕಲ್ಯಾಣ ಶುಲ್ಕ ಕಟ್ಟಬೇಕು, ಅದು ಗಿಗ್ ಕೆಲಸಗಾರರ ಕಲ್ಯಾಣ ಮಂಡಳಿಯ ನಿಧಿಗೆ ಹೋಗುತ್ತೆ. ನಿಮ್ಮನ್ನ ಕೆಲಸದಿಂದ ತೆಗೆಯೋಕೆ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು. ಅದಕ್ಕೂ ಮುಂಚೇನೇ ರಾಜ್ಯದಲ್ಲಿ ಗಿಗ್ ಕೆಲಸಗಾರರ ವಿಮೆ ಯೋಜನೆ ಬಂದಿದೆ, ಅಪಘಾತದಲ್ಲಿ ಜೀವ ಹೋದ್ರೆ ಮನೆಯೋರಿಗೆ ಒಟ್ಟು 4 ಲಕ್ಷ. ಕೇಂದ್ರದ ಇ-ಶ್ರಮ್ ನೋಂದಣಿ ಮಾಡಿಸಿ, ರಾಜ್ಯದ ಸೇವಾಸಿಂಧು ಪೋರ್ಟಲಲ್ಲಿ ಹೆಸರು ಹಾಕಿಸಿ, ಇವತ್ತೇ ಮಾಡಿಸಿ, ರಿಂಗ್ ರೋಡಲ್ಲಿ ರಾತ್ರಿ ಹನ್ನೊಂದಕ್ಕೆ ನಿಮ್ಮಂಥ ಹುಡುಗ್ರು ಓಡಿಸೋ ಸ್ಪೀಡು ನೋಡಿದ್ರೆ ನನ್ನ ಎದೆ ಹೊಡ್ಕೊಳ್ಳುತ್ತೆ. ತಿಂಗಳಿಗೆ ಸಾವಿರವೋ ಎರಡು ಸಾವಿರವೋ ಪಿಪಿಎಫ್‌ಗೆ ಹಾಕ್ತಾ ಬನ್ನಿ, ಆ ಪಾಸ್‌ಬುಕ್ಕು, ಇನ್ಶೂರೆನ್ಸ್ ಕಾರ್ಡು ತಗೊಂಡು ನಿಮ್ಮಪ್ಪನ ಮುಂದೆ ಇಡಿ, ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತೆ ಅಂತ ನನ್ನ ನಂಬಿಕೆ.

ಪ್ರಶ್ನೆ: ಕೆಲಸ ಬಿಟ್ಟು ಮೂರು ತಿಂಗಳು, ಇನ್ನೂ ಫುಲ್ ಅಂಡ್ ಫೈನಲ್ (ಬಿಟ್ಟಾಗ ಕೊಡೋ ಬಾಕಿ ದುಡ್ಡು) ಬಂದಿಲ್ಲ. ಎಚ್‌ಆರ್ ಫೋನೇ ಎತ್ತಲ್ಲ.
(ಬೋಗಾದಿ, ಮೈಸೂರು)

ಉತ್ತರ: ಮೇಲೆ ಹೇಳಿದ ನಾಲ್ಕು ಹೊಸ ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ರೂ, ಅವರೇ ತೆಗೆದ್ರೂ, ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಗ್ರಾಚ್ಯುಟಿ ಇದ್ರೆ 30 ದಿನ. ಫೋನ್ ಮಾಡೋದು ನಿಲ್ಲಿಸಿ, ಇಮೇಲ್ ಹಾಕಿ, ಏಳು ದಿನ ಟೈಮ್ ಕೊಡಿ. ಆಮೇಲೆ ರಾಜೀನಾಮೆ ಒಪ್ಪಿದ ಇಮೇಲು, ಕೊನೇ ಮೂರು ತಿಂಗಳ ಪೇಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು, ಅಪಾಯಿಂಟ್‌ಮೆಂಟ್ ಲೆಟರ್ರು, ಇಷ್ಟರ ಜೆರಾಕ್ಸ್ ಎರಡೆರಡು ಸೆಟ್ ಮಾಡಿಸ್ಕೊಂಡು ಕಾರ್ಮಿಕ ಅಧಿಕಾರಿ ಕಚೇರಿಗೆ ದೂರು ಕೊಡಿ, ಒಂದು ಸೆಟ್ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳೋದು ಮರೀಬೇಡಿ. ನಿಮ್ಮ ಜೊತೆ ಬಿಟ್ಟ ಇನ್ನೂ ಮೂರ್ನಾಲ್ಕು ಜನಕ್ಕೆ ಬಂದಿಲ್ಲ ಅಂದ್ರೆ ಅವರನ್ನೂ ಕರ್ಕೊಂಡು ಹೋಗಿ.